ಅತ್ತೆಯ ಹಾಡು, ಐದು ರೂಪಾಯಿಯ ಎಲ್‌ಡಿಆರ್

ಕಳೆದ ವರ್ಷ ತಂಗಿಯ ಆರತಕ್ಷತೆಯಲ್ಲಿ ನಮ್ಮ ಸೋದರತ್ತೆ ಎರಡು ಭಾವಗೀತೆ ಹಾಡಿದರು. ಗಿಟಾರ್ ನಂದು. ಕಾಲಡಿಯಲ್ಲಿ ನಾನೇ ಸೋಲ್ಡರ್ ಮಾಡಿದ ಕಂಪ್ರೆಸರ್ ಪೆಡಲ್. ಪಲ್ಲವಿ ಮುಗಿದಾಗ ಹುರುಪಿನಲ್ಲಿ ಒಂದು ಕಾರ್ಡ್ ಜೋರಾಗಿ ಬಾರಿಸಿ, ಚರಣಕ್ಕೆ ಮೆತ್ತಗೆ ಒಂದೊಂದೇ ತಂತಿ ಮೀಟೋಕೆ ಶುರು ಮಾಡಿದೆ. ಸ್ಪೀಕರಿನಲ್ಲಿ ಏನೂ ಇಲ್ಲ! ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಗಿಟಾರ್ ಮಾಯ. ಆಮೇಲೆ ಬಾವಿಯಿಂದ ಕೊಡ ಮೇಲೆ ಬಂದ ಹಾಗೆ ನಿಧಾನಕ್ಕೆ ಸದ್ದು ಬಂತು. ಚರಣದ ಮೊದಲ ಸಾಲನ್ನು ಅತ್ತೆ ಯಾರ ಆಸರೆಯೂ ಇಲ್ಲದೆ ಹಾಡಿದರು. ಊಟಕ್ಕೆ ಕೂತಾಗ ಪಕ್ಕದ ಎಲೆಯಿಂದ ಕೇಳಿದರು, "ಅಲ್ವೋ, ಚರಣ ಬಂದಾಗೆಲ್ಲ ನಿನ್ನ ಗಿಟಾರ್ ಎಲ್ಲಿಗೆ ಹೋಗಿತ್ತು?"

ಎಲ್ಲಿಗೆ ಹೋಗಿತ್ತು ಅಂತ ನನಗೆ ಗೊತ್ತಾಗೋಕೆ ಮೂರು ವಾರ ಬೇಕಾಯ್ತು.

ಕಂಪ್ರೆಸರ್ ಕೆಲಸ ಸರಳ. ಜೋರಾದ ಸದ್ದನ್ನು ತಗ್ಗಿಸೋದು, ಮೆತ್ತಗಿನದನ್ನು ಎತ್ತಿ ಹಿಡಿಯೋದು. ಬೆಳಕಿನಿಂದ ನಡೆಯುವ ಕಂಪ್ರೆಸರ್‌ನಲ್ಲಿ ಸದ್ದು ಜೋರಾದಷ್ಟೂ ಒಳಗಿನ ಎಲ್‌ಇಡಿ ಪ್ರಖರವಾಗಿ ಉರಿಯುತ್ತೆ. ಅದರ ಎದುರಿಗೆ ಮುಖಕ್ಕೆ ಮುಖ ಅಂಟಿಸಿದ ಎಲ್‌ಡಿಆರ್ ಇರುತ್ತೆ. ಕಂದು ಬಣ್ಣದ ಹಾವಿನ ಗೆರೆ ಬರೆದಿರೋ ಪುಟ್ಟ ಬಿಲ್ಲೆ, ಡಿಪ್ಲೊಮಾ ಮಾಡಿದವರೆಲ್ಲ ಒಮ್ಮೆಯಾದರೂ ನೋಡಿರ್ತೀರಿ. ಬೆಳಕು ಬಿದ್ದರೆ ಅದರ ರೆಸಿಸ್ಟೆನ್ಸ್ ಇಳಿಯುತ್ತೆ, ಆಗ ಆಂಪ್ಲಿಫೈಯರಿನ ಗೇನ್ ಕೂಡ ಇಳಿಯುತ್ತೆ. ಇಳಿಯೋದು ಕೆಲವೇ ಮಿಲಿಸೆಕೆಂಡಿನಲ್ಲಿ. ಬೆಳಕು ಆರಿದ ಮೇಲೆ ಮತ್ತೆ ಏರೋದು ಮಾತ್ರ ಆರಾಮಾಗಿ. ಈ ಆಪ್ಟಿಕಲ್ ಕಂಪ್ರೆಸರಿನ ಮಾಧುರ್ಯ ಇರೋದೇ ಈ ಸೋಮಾರಿತನದಲ್ಲಿ. ನನ್ನ ಮಾನ ಹೋಗಿದ್ದೂ ಅದರಿಂದಲೇ.

ಅರುವತ್ತರ ದಶಕದಲ್ಲಿ ಜಿಮ್ ಲಾರೆನ್ಸ್ ವಿನ್ಯಾಸ ಮಾಡಿದ ಟೆಲಿಟ್ರಾನಿಕ್ಸ್ ಎಲ್‌ಎ-2ಎ ಅನ್ನೋ ಸ್ಟುಡಿಯೋ ಯಂತ್ರವನ್ನು ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಹಾಡುಗಾರರ ದನಿಗೆ ಬಳಸ್ತಾರೆ. ಅದರಲ್ಲಿ ಎಲ್‌ಇಡಿ ಬದಲು ಹೊಳೆಯುವ ಒಂದು ಫಲಕ ಇದೆ. ಸದ್ದು ನಿಂತಾಗ ಅರ್ಧ ಚೇತರಿಕೆ ಸುಮಾರು 60 ಮಿಲಿಸೆಕೆಂಡಿನಲ್ಲೇ ಆಗುತ್ತೆ. ಉಳಿದರ್ಧಕ್ಕೆ 1ರಿಂದ 15 ಸೆಕೆಂಡ್. ಎಷ್ಟು ಹೊತ್ತು, ಎಷ್ಟು ಜೋರಾಗಿ ಬೆಳಕು ಬಿದ್ದಿತ್ತು ಅನ್ನೋದರ ಮೇಲೆ ಅದು ನಿಂತಿದೆ. ಅಂದ್ರೆ ಈ ಬಿಲ್ಲೆಗೆ ನೆನಪಿನ ಶಕ್ತಿ ಇದೆ. ನಮ್ಮ ಕೋಡ್‌ನಲ್ಲಿ ಇಂಥದ್ದನ್ನು ಬಗ್ ಅಂತೀವಿ, ಅವರು ಅದನ್ನೇ ಸ್ವಭಾವ ಅಂತಾರೆ.

ನಾನು ಹಾಕಿದ್ದ ಎಲ್‌ಡಿಆರ್ ಯಾವುದು ಗೊತ್ತಾ? ಊರಿನ ಮನೆ ಮುಂದೆ ಕೆಟ್ಟು ಬಿದ್ದಿದ್ದ, ಸಂಜೆಯಾದರೆ ತಾನೇ ಹತ್ತಿಕೊಳ್ಳುವ ದೀಪದ ಸ್ವಿಚ್ಚಿನಿಂದ ಕಿತ್ತದ್ದು. ಪುಗಸಟ್ಟೆ ಸಿಕ್ತು ಅಂತ ಖುಷಿ. ಸೂರ್ಯ ಮುಳುಗೋಕೆ ಅರ್ಧ ಗಂಟೆ ತಗೊಳ್ತಾನೆ, ಅವನನ್ನು ಕಾಯೋ ಬಿಲ್ಲೆಗೆ ಯಾವ ಅವಸರ?

ರೆಡಿಮೇಡ್ ದಾರಿಯೂ ಇದೆ. ಎಲ್‌ಇಡಿ, ಎಲ್‌ಡಿಆರ್ ಎರಡನ್ನೂ ಒಂದೇ ಡಬ್ಬಿಯೊಳಗೆ ಮುಚ್ಚಿ ಮಾರುವ ಬಿಡಿಭಾಗಕ್ಕೆ ವ್ಯಾಕ್ಟ್ರೋಲ್ ಅಂತ ಹೆಸರು. ವಿಟಿಎಲ್5ಸಿ3 ಅನ್ನೋದರ ಡೇಟಾಶೀಟಿನಲ್ಲಿ ಬೆಳಕು ಆರಿ 100 ಕಿಲೋ ಓಮ್‌ಗೆ ಏರೋಕೆ 35 ಮಿಲಿಸೆಕೆಂಡ್ ಅಂತಿದೆ. ಅದರ ಒಡಹುಟ್ಟು ವಿಟಿಎಲ್5ಸಿ4ಕ್ಕೆ ಒಂದೂವರೆ ಸೆಕೆಂಡ್! ನಂಬರಿನಲ್ಲಿ ಒಂದೇ ಅಂಕಿ ವ್ಯತ್ಯಾಸ, ಗುಣದಲ್ಲಿ ಮೊಲ ಮತ್ತು ಆಮೆ. ಆದರೆ ಇವುಗಳ ತಯಾರಿಕೆ ನಿಂತಿದೆ. ಒಳಗಿರೋದು ಕ್ಯಾಡ್ಮಿಯಂ ಸಲ್ಫೈಡ್. ಯುರೋಪಿನ ನಿಯಮದಲ್ಲಿ ಕ್ಯಾಡ್ಮಿಯಂಗೆ ಇರೋ ಮಿತಿ ತೂಕದಲ್ಲಿ ಶೇ. 0.01 ಮಾತ್ರ, ಹಾಗಾಗಿ ದೊಡ್ಡ ಕಂಪನಿಗಳು ದೂರ ಸರಿದವು. ಉಳಿದ ಹಳೇ ಸ್ಟಾಕಿಗೆ ಹೇಳಿದ್ದೇ ರೇಟು.

ಹಾಗಾಗಿ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋದೆ. "ಬೇಗ ಚೇತರಿಸಿಕೊಳ್ಳೋ ಎಲ್‌ಡಿಆರ್ ಇದ್ಯಾ?" ಅಂದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಐದು ಎಂಎಂ ಬೇಕಾ, ದೊಡ್ಡದು ಬೇಕಾ ಅಷ್ಟೇ ಹೇಳಿ ಸಾರ್" ಅಂದರು. ಒಂದಕ್ಕೆ ಐದು ರೂಪಾಯಿ. ನಂಬರಿಲ್ಲ, ಹೆಸರಿಲ್ಲ. ಹನ್ನೆರಡು ತಂದೆ.

ಮೊದಲು ನನಗೆ ಬೇಕಿದ್ದ ವ್ಯಾಪ್ತಿ ಎಷ್ಟು ಅಂತ ಲೆಕ್ಕ ಹಾಕಿದೆ. ನನ್ನ ಸರ್ಕ್ಯೂಟಿನಲ್ಲಿ ಇನ್‌ಪುಟ್ ರೆಸಿಸ್ಟರ್ 47 ಕಿಲೋ ಓಮ್. ಫೀಡ್‌ಬ್ಯಾಕಿನಲ್ಲಿ ಎಲ್‌ಡಿಆರ್, ಅದಕ್ಕೆ ಪ್ಯಾರಲಲ್ ಆಗಿ 470 ಕಿಲೋ ಓಮ್. ಎಲ್‌ಡಿಆರ್ 5 ಕಿಲೋ ಓಮ್‌ಗೆ ಇಳಿದರೆ ಗೇನ್ ಹತ್ತರಲ್ಲಿ ಒಂದು ಪಾಲು. ಪೂರ್ತಿ ಕತ್ತಲಲ್ಲಿ ಅದು 1 ಮೆಗಾ ಓಮ್ ಆದರೆ ಗೇನ್ ಸುಮಾರು 6.8, 10 ಮೆಗಾ ಆದರೆ 9.5. ವ್ಯತ್ಯಾಸ ಬರೀ 3 ಡೆಸಿಬಲ್. ಎಲ್ಲರೂ ಮೊದಲು ನೋಡೋ ಆ 'ಡಾರ್ಕ್ ರೆಸಿಸ್ಟೆನ್ಸ್' ಅಂಕಿಗೆ ನಾನು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಐದರಿಂದ ನೂರು ಕಿಲೋ ಓಮ್‌ಗೆ ಎಷ್ಟು ಬೇಗ ಏರುತ್ತೆ ಅನ್ನೋದೇ ಮುಖ್ಯ.

ಅದನ್ನು ಮಲ್ಟಿಮೀಟರಿನಲ್ಲಿ ಅಳೆಯೋಕಾಗಲ್ಲ. ಅದರ ಡಿಸ್‌ಪ್ಲೇ ಸೆಕೆಂಡಿಗೆ ಎರಡು ಮೂರು ಸಲ ಬದಲಾಗುತ್ತೆ, ಅಷ್ಟರಲ್ಲಿ ಆಟ ಮುಗಿದಿರುತ್ತೆ. ಡ್ರಾಯರಿನಲ್ಲಿ ಧೂಳು ತಿನ್ನುತ್ತಿದ್ದ ಆರ್ಡುಯಿನೋ ತೆಗೆದೆ. ಒಂದು ಪಿನ್ನಿನಿಂದ ಎಲ್‌ಇಡಿಗೆ ಸುಮಾರು 3 ಮಿಲಿಆಂಪ್ ಕೊಟ್ಟು ಎರಡು ಸೆಕೆಂಡ್ ಉರಿಸು, ಆರಿಸು, ಎಲ್‌ಡಿಆರ್ ನೂರು ಕಿಲೋ ದಾಟೋವರೆಗೆ ಮಿಲಿಸೆಕೆಂಡ್ ಎಣಿಸು. ಮೂವತ್ತು ಸಾಲಿನ ಕೋಡ್. ಜೋಡಿಯನ್ನು ಕಪ್ಪು ಪೆನ್ ಕ್ಯಾಪ್ ಒಳಗಿಟ್ಟೆ. ಮೊದಲ ರೀಡಿಂಗ್‌ಗಳೆಲ್ಲ ನಡುಗುತ್ತಿದ್ದವು. ನೋಡಿದರೆ ಕ್ಯಾಪಿನ ಹಿಂದಿನ ತೂತಿನಿಂದ ಟ್ಯೂಬ್‌ಲೈಟ್ ಬೆಳಕು ಒಳಗೆ ಬರ್ತಿದೆ! ಅದನ್ನು ಹಾಗೇ ಬಿಟ್ಟಿದ್ದರೆ ದೀಪದ 100 ಹರ್ಟ್ಜ್ ಮಿಣುಕು ಗಿಟಾರಿನ ಸದ್ದಿಗೂ ಸೇರಿರೋದು. ಆಮೇಲಿಂದ ಹೀಟ್‌ಶ್ರಿಂಕ್ ಟ್ಯೂಬು ಎರಡು ಸುತ್ತು, ಎರಡೂ ತುದಿಗೆ ಕಪ್ಪು ಟೇಪು.

ಎಲ್‌ಇಡಿ ಬಣ್ಣವೂ ಲೆಕ್ಕಕ್ಕೆ ಬರುತ್ತೆ. ಈ ಜಾತಿಯ ಎಲ್‌ಡಿಆರ್‌ಗಳು ಸುಮಾರು 540 ನ್ಯಾನೋಮೀಟರಿನ ಹಸಿರು ಬೆಳಕಿಗೆ ಹೆಚ್ಚು ಓಗೊಡ್ತವೆ. ನಾನು ಹಸಿರನ್ನೇ ಹಾಕಿದೆ.

ಫಲಿತಾಂಶ ನೋಡಿ ನಗು ಬಂತು. ಒಂದೇ ಕವರಿನ ಹನ್ನೆರಡರಲ್ಲಿ ಅತಿ ಚುರುಕಿನದಕ್ಕೆ 45 ಮಿಲಿಸೆಕೆಂಡ್, ಅತಿ ಮಂದಗತಿಯದಕ್ಕೆ 410. ಬೀದಿದೀಪದ ಆಸಾಮಿಗೆ 1,270! ಇನ್ನೊಂದು ವಿಷಯ, ರಾತ್ರಿಯಿಡೀ ಕತ್ತಲಲ್ಲಿಟ್ಟು ಬೆಳಗ್ಗೆ ಅಳೆದರೆ ಅದೇ ಬಿಲ್ಲೆ ಬೇರೆ ಅಂಕಿ ತೋರಿಸಿತು. ಹಾಗಾಗಿ ಪ್ರತಿಯೊಂದನ್ನೂ ಹತ್ತು ಸಲ ಬೆಳಗಿಸಿ, ಆಮೇಲಿನ ಅಂಕಿಯನ್ನೇ ಬರೆದುಕೊಂಡೆ.

45ನ್ನೇ ಹಾಕಬೇಕು ಅಂತ ಅನಿಸೋದು ಸಹಜ. ಹಾಕಿ ನೋಡಿದೆ, ಚೆನ್ನಾಗಿಲ್ಲ. ಮಂದ್ರದ ತಂತಿ ಮೀಟಿದಾಗ ಗೇನು ಸದ್ದಿನ ಜೊತೆಗೇ ಏರಿಳಿದು ದನಿ ಒರಟಾಯ್ತು. ಅತ್ತೆಯ ಹಾಡುಗಳ ನಡೆ ನಿಮಿಷಕ್ಕೆ ಸುಮಾರು 80 ಬೀಟ್. ಒಂದು ಬೀಟಿಗೆ 750 ಮಿಲಿಸೆಕೆಂಡ್, ಅರ್ಧಕ್ಕೆ 375. ಜೋರು ಕಾರ್ಡಿನ ನಂತರದ ಅರ್ಧ ಬೀಟಿನೊಳಗೆ ಗಿಟಾರ್ ವಾಪಸ್ ಬಂದಿರಬೇಕು, ಅಷ್ಟೇ. ಏಳನೇ ನಂಬರಿನದು 190 ತೋರಿಸಿತ್ತು. ಅದನ್ನೇ ಸೋಲ್ಡರ್ ಮಾಡಿದೆ. ಕಾಲುಗಳಿಗೆ ಇಕ್ಕಳ ಹಿಡಿದು, ಬಿಸಿ ಹೆಚ್ಚಾಗದ ಹಾಗೆ. ಉಳಿದವನ್ನು ಅಂಕಿ ಬರೆದ ಚೀಟಿ ಅಂಟಿಸಿ ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟಿದ್ದೀನಿ. ಒಡೆದದ್ದನ್ನು ಕಸದ ಬುಟ್ಟಿಗೆ ಎಸೀಬೇಡಿ, ಉಜ್ಜಿ ಪುಡಿ ಮಾಡಬೇಡಿ. ಒಳಗಿರೋದು ಕ್ಯಾಡ್ಮಿಯಂ, ಇ-ತ್ಯಾಜ್ಯಕ್ಕೇ ಕೊಡಿ.

ಮುಂದಿನ ತಿಂಗಳು ಮಾವನ ಷಷ್ಟ್ಯಬ್ದಿ. ಅತ್ತೆ ಮತ್ತೆ ಹಾಡ್ತಾರೆ. ಮೊನ್ನೆ ಭಾನುವಾರ ಅವರ ಮನೆಯಲ್ಲಿ ಪ್ರಾಕ್ಟೀಸಿಗೆ ಕೂತೆವು. ಪಲ್ಲವಿ, ಜೋರು ಕಾರ್ಡ್, ಚರಣ. ಅತ್ತೆ ಕಣ್ಣು ಮುಚ್ಚಿಕೊಂಡೇ ಮುಂದಕ್ಕೆ ಹೋದರು. ಮುಗಿದ ಮೇಲೆ ಪೆಡಲ್ ಬಗ್ಗೆ ಏನಾದರೂ ಹೇಳ್ತಾರೇನೋ ಅಂತ ಕಾದೆ. "ಎರಡನೇ ಚರಣ ಸ್ವಲ್ಪ ಓಡ್ತಿದ್ದೀಯ ಕಣೋ, ನಿಧಾನಕ್ಕೆ ನುಡಿಸು" ಅಂದು ಕಾಫಿ ತರೋಕೆ ಎದ್ದರು.