ಅಳತೆಗೆ ಹೊಲಿಸಿದ ಬಂದೂಕು

ಅಂಗಿಯನ್ನು ಮೈ ಅಳತೆಗೆ ಹೊಲಿಸುವುದುಂಟು. ಬಂದೂಕನ್ನೂ ಹಾಗೆಯೇ ಮಾಡಿಸಬೇಕೆಂಬ ಹಂಬಲ ಈಗ ನಮ್ಮವರಲ್ಲಿ ಕೆಲವರಿಗೆ ಹತ್ತಿದೆ. ಭುಜಕ್ಕೆ ಹೊಂದುವ ಅಕ್ರೋಟ ಮರದ ಹಿಡಿ, ಅದರ ಮೇಲೆ ಮನೆತನದ ಹೆಸರಿನ ಕೆತ್ತನೆ, ನಳಿಗೆಯ ಮೇಲೊಂದು ದುರ್ಬೀನು. ಬೇಟೆಯ ರೈಫಲ್ ಎನ್ನುತ್ತಾರೆ. ಯಾವ ಬೇಟೆ ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ನಾನು ಬೇಟೆಗಾರನಲ್ಲ, ಬ್ಯಾಂಕಿನ ಗುಮಾಸ್ತ. ಲೆಕ್ಕ ನೋಡುವುದು ನನ್ನ ಕಸುಬು. ಇಲ್ಲಿಯೂ ಅದನ್ನೇ ಮಾಡುತ್ತೇನೆ.

ಈ ವಿಚಾರ ಎದ್ದದ್ದು ನನ್ನ ಸೋದರಮಾವನ ಮಗನಿಂದ. ಸಾಸ್ತೂರಿನ ಬದಿಗೇ ಅವನ ಹೊಲ; ತೊಗರಿ, ಸೋಯಾಬೀನ್, ಹಿಂಗಾರಿಗೆ ಬಿಳಿಜೋಳ. ತಂದೆಯ ಕಾಲದ ಹನ್ನೆರಡು ಬೋರಿನ ಬಂದೂಕು ಮನೆಯಲ್ಲಿದೆ, ಪರವಾನಗಿಯೂ ಇವನ ಹೆಸರಿಗಾಗಿದೆ. ಅದು ಸಾಲದಂತೆ. ಹೇಳಿ ಮಾಡಿಸಿದ ರೈಫಲ್ ಬೇಕಂತೆ, ಅದಕ್ಕೆ ಮಗಳ ಬಂಗಾರ ಒತ್ತೆಯಿಡುತ್ತಾನಂತೆ. “ಅಣ್ಣಾ, ಈ ಊರಾಗ ನಾವು ಕನ್ನಡದವ್ರು ಎಷ್ಟ ಮನಿ ಅದೀವಿ? ಗ್ವಾಡಿಗಿ ಒಂದ ಛಲೋ ಬಂದೂಕ ಇದ್ರ ಮಂದಿ ತಾವಾಗೇ ಮರ್ಯಾದಿ ಕೊಡ್ತಾರ,” ಎಂದ. ಹಂದಿಯ ಮಾತು ಆಮೇಲೆ ಬಂತು.

ಹಂದಿಯ ಮಾತನ್ನೇ ಮೊದಲು ನೋಡೋಣ, ಏಕೆಂದರೆ ಅದು ಸುಳ್ಳಲ್ಲ. ರಾತ್ರಿ ನುಗ್ಗಿದ ಕಾಡುಹಂದಿಯ ಹಿಂಡು ಬೆಳಗಾಗುವುದರೊಳಗೆ ಹೊಲವನ್ನು ಹಾಳು ಮಾಡುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಎಂಬುದು ಹವ್ಯಾಸವಾಗಿ ಉಳಿದಿಲ್ಲ. ಬೆಳೆ ತಿನ್ನುವ ಹಂದಿಯನ್ನು ಹೊಡೆಯಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕೃಷ್ಣಮೃಗವಂತೂ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ. ಅದಕ್ಕೆ ಗುರಿಯಿಟ್ಟವನಿಗೆ ಸೆರೆಮನೆ. ಅನುಮತಿ ಸಿಕ್ಕಿ, ಹಂದಿ ಮೂವತ್ತು ಮಾರು ದೂರದಲ್ಲಿ ಕಂಡಿತೆನ್ನಿ. ಆ ಕೆಲಸಕ್ಕೆ ಮಾವನ ಹಳೆಯ ಬಂದೂಕೇ ಸಾಕು.

ಅಳತೆಗೆ ಮಾಡಿಸಿದ್ದರಲ್ಲಿ ಗುಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹಿಡಿಯ ಉದ್ದ ತೋಳಿಗೆ ಸರಿಹೊಂದಿದರೆ ಕಣ್ಣು ತಾನಾಗಿ ಗುರಿಯ ಗೆರೆಗೆ ಬರುತ್ತದೆ, ನಳಿಗೆ ಮರದಲ್ಲಿ ಸರಿಯಾಗಿ ಕೂತರೆ ಗುಂಡು ಹೊಡೆತದಿಂದ ಹೊಡೆತಕ್ಕೆ ಚೆದುರುವುದಿಲ್ಲ. ಆದರೆ ಈ ಗುಣ ಬೇಕಾಗುವುದು ದೂರದ ಗುರಿಗೆ. ನಮ್ಮದು ಬಯಲು ಸೀಮೆ. ತಪ್ಪಿದ ಗುಂಡನ್ನು ತಡೆಯಲು ಇಲ್ಲಿ ಗುಡ್ಡವಿಲ್ಲ, ದಟ್ಟ ಕಾಡಿಲ್ಲ. ರೈಫಲಿನ ಗುಂಡು ಮೈಲಿಗೂ ಮೀರಿ ಹಾರುತ್ತದೆ. ಆಚೆ ಹೊಲದ ಗುಡಿಸಲಲ್ಲಿ ಬೆಳೆ ಕಾಯುತ್ತ ಮಲಗಿದವನೂ ನಮ್ಮಂಥ ರೈತನೇ. ಅವನು ಮರಾಠಿಯವನಾಗಲಿ ಕನ್ನಡದವನಾಗಲಿ, ಆ ಗುಂಡಿಗೆ ಭಾಷೆ ತಿಳಿಯದು.

ಇನ್ನು ಬೆಲೆ. 1980ರ ದಶಕದ ನಡುವಿನಿಂದ ವಿದೇಶಿ ಬಂದೂಕುಗಳನ್ನು ತರಿಸಿಕೊಳ್ಳಲು ಸಾಮಾನ್ಯ ನಾಗರಿಕರಿಗೆ ತಡೆಯಿದೆ. ಹೆಸರಾಂತ ಗುರಿಕಾರರಂಥ ಕೆಲವರಿಗಷ್ಟೇ ವಿನಾಯಿತಿ. ಹಾಗಾಗಿ ಹಿಂದೆ ಬಂದಿದ್ದ ಇಂಗ್ಲೆಂಡಿನ ರೈಫಲುಗಳೇ ಕೈಯಿಂದ ಕೈಗೆ ತಿರುಗುತ್ತಿವೆ. ಅವುಗಳ ಬೆಲೆ ಕಬ್ಬಿಣದ್ದಲ್ಲ, ಅಭಾವದ್ದು. ಈಶಾಪುರದ ಸರಕಾರಿ ಕಾರ್ಖಾನೆಯ .315 ರೈಫಲಿಗೆ ಮರ ಬದಲಿಸಿ ದುರ್ಬೀನು ಕೂರಿಸಿದರೂ ಹಾರುವುದು ಅದೇ ಗುಂಡು. ದುಡ್ಡು ಕೊಟ್ಟ ಮೇಲೂ ಅದು ಪೂರ್ತಿ ನಮ್ಮದಲ್ಲ. ಪರವಾನಗಿ ನವೀಕರಿಸುತ್ತಿರಬೇಕು, ತೋಟಾಗಳಿಗೆ ಲೆಕ್ಕ ಕೊಡಬೇಕು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಅಪ್ಪಣೆ ಬರಬಹುದು. ಮದುವೆಯ ದಿಬ್ಬಣದಲ್ಲಿ ಸಂಭ್ರಮಕ್ಕೆಂದು ಬೇಜವಾಬ್ದಾರಿಯಿಂದ ಗಾಳಿಯಲ್ಲಿ ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ.

ಬ್ಯಾಂಕಿನಲ್ಲಿ ಬಂದೂಕಿಗೆಂದು ಸಾಲವಿಲ್ಲ, ಬಂಗಾರದ ಮೇಲೆ ಉಂಟು. ಮೂರು ಲಕ್ಷ ತೆಗೆದರೆಂದು ಇಟ್ಟುಕೊಳ್ಳಿ. ನೂರಕ್ಕೆ ಒಂಬತ್ತರಂತೆ ವರ್ಷದ ಬಡ್ಡಿಯೇ 27,000 ರೂಪಾಯಿ. ಅಷ್ಟರಲ್ಲಿ ಸುಗ್ಗಿಗೆ ಮುಂಚಿನ ಎರಡು ತಿಂಗಳು ರಾತ್ರಿ ಹೊಲ ಕಾಯುವ ಆಳಿಗೆ ಕೂಲಿ ಕೊಡಬಹುದು. ಬೆಳೆಯ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳುವ ದಾರಿಯೂ ಇದೆ. ರೈಫಲ್ ಒಂದು ಪೈಸೆಯನ್ನೂ ದುಡಿಯುವುದಿಲ್ಲ. ಕಂತು ತಪ್ಪಿದರೆ ಹರಾಜಿನ ನೋಟೀಸು ಬರುವುದು ಮಗಳ ಬಂಗಾರಕ್ಕೆ, ಗೋಡೆಯ ಬಂದೂಕಿಗಲ್ಲ.

ಕೊಡಗಿನವರಿಲ್ಲವೇ ಎಂದು ಕೇಳುವಿರಿ. ಅವರ ಮಾತು ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ದೊರೆತ ವಿನಾಯಿತಿ ಅದು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದಿನ ದಿನ ಅವರು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಆ ಪೂಜೆಗೆ ಕೋವಿ ಅಳತೆಗೆ ಮಾಡಿಸಿದ್ದೇ ಆಗಬೇಕೆಂದಿಲ್ಲ, ಅಜ್ಜನದೇ ಆದರೂ ನಡೆಯುತ್ತದೆ. ಕಾಸರಗೋಡಿನ ಬಂಧುಗಳಿಗೂ ಹಂದಿಯ ಕಾಟ ಗೊತ್ತು. 2022ರಲ್ಲಿ ಕೇರಳ ಸರಕಾರ ಹಂದಿ ಹೊಡೆಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಒಪ್ಪಿಸಿತು. ಊರಿಗೆ ಪರವಾನಗಿಯುಳ್ಳ, ಕೈ ಪಳಗಿದ ಒಬ್ಬಿಬ್ಬರು ಸಾಕು ಎಂಬುದೇ ಅದರ ತಿರುಳು. ಮನೆಗೊಂದು ರೈಫಲ್ ಬೇಕೆಂದು ಯಾರೂ ಹೇಳಲಿಲ್ಲ.

ಈ ಹುಚ್ಚಿಗೆ ಪುಸ್ತಕಗಳೂ ಸ್ವಲ್ಪ ಕಾರಣ. ತೇಜಸ್ವಿಯವರ ಕನ್ನಡದಲ್ಲಿ ಕಾರ್ಬೆಟ್, ಆಂಡರ್ಸನ್ ಓದಿದ ತಲೆಮಾರು ನಮ್ಮದು. ಆದರೆ ಸರಿಯಾಗಿ ಓದಬೇಕು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಬೆನ್ನಟ್ಟಿದ ಕಾರ್ಬೆಟ್ ತಂದಿದ್ದ ಗುಂಡುಗಳು ಮುಗಿದಾಗ, ಕೊನೆಯ ಹೊಡೆತಕ್ಕೆ ಕೈಗೆ ತೆಗೆದುಕೊಂಡದ್ದು ತಹಸೀಲ್ದಾರರ ಸಡಿಲು ನಳಿಗೆಯ ಹಳೆಯ ಬಂದೂಕನ್ನು. ಹೆಸರಾದ ರಿಗ್ಬಿ ರೈಫಲ್ ಬಂದದ್ದು ಆಮೇಲೆ, ಬಹುಮಾನವಾಗಿ. ಕೆಲಸ ಮೊದಲು, ರೈಫಲ್ ನಂತರ. ನಮ್ಮವರು ಕೆಲಸವಿಲ್ಲದ ಬಹುಮಾನವನ್ನು ಸಾಲ ಮಾಡಿ ತಮಗೆ ತಾವೇ ಕೊಟ್ಟುಕೊಳ್ಳುತ್ತಿದ್ದಾರೆ.

ಉಳಿದದ್ದು ಮರ್ಯಾದೆಯ ಮಾತು. ನನ್ನ ತಕರಾರು ಮುಖ್ಯವಾಗಿ ಇದರ ಮೇಲೆಯೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿದಾಗ ನಮ್ಮ ಸೀಮೆಯಲ್ಲಿ ಜನರನ್ನು ಕೊಂದದ್ದು ಯಾವುದು? ಮನೆತನದ ಘನತೆ ಎಂದು ಕಟ್ಟಿದ್ದ ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ಮಣ್ಣಿನ ಮಾಳಿಗೆ. ಆಗ ಕಲ್ಲು ಸರಿಸಲು ಬಂದವರು ನಮ್ಮ ಮಾತೃಭಾಷೆ ಕೇಳಲಿಲ್ಲ, ಗೋಡೆಗೆ ಏನು ತೂಗುಹಾಕಿದ್ದೆವೆಂದೂ ಕೇಳಲಿಲ್ಲ. ಅಲ್ಪಸಂಖ್ಯಾತರು ಊರಿನಲ್ಲಿ ಬಾಳುವುದು ನೆರೆಯವನ ನಂಬಿಕೆಯ ಮೇಲೆ. ನೋಡಲೆಂದೇ ತೂಗುಹಾಕಿದ ರೈಫಲ್ ನೆರೆಯವನಿಗೆ ಹೇಳುವ ಮಾತು ಒಂದೇ: ನಿನ್ನನ್ನು ನಾನು ನಂಬುವುದಿಲ್ಲ. ಇಂಥ ಮಾತು ಹೇಳುವುದಕ್ಕೆ ಸಾಲ ಬೇರೆ ಮಾಡಬೇಕೇ?

ಹಳೆಯ ಬಂದೂಕು ಇರುವವರು ಅದನ್ನು ಎಣ್ಣೆ ಹಚ್ಚಿ, ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಲಿ. ಅನುಮತಿ ಸಿಕ್ಕ ರಾತ್ರಿ ಬಳಸಲಿ. ಇಲ್ಲದವರು ಕೊಳ್ಳುವ ಮುಂಚೆ ಹೆಂಡತಿ, ಮಗಳ ಎದುರು ಕೂತು ಒಂದು ಹಾಳೆಯ ಮೇಲೆ ಲೆಕ್ಕ ಬರೆಯಲಿ: ವರ್ಷದಲ್ಲಿ ಎಷ್ಟು ರಾತ್ರಿ ಕಾನೂನಿನಂತೆ ಇದನ್ನು ಹಾರಿಸುವೆ, ಪ್ರತಿ ಹೊಡೆತಕ್ಕೆ ಎಷ್ಟು ಬಡ್ಡಿ ಬಿತ್ತು? ಮಾವನ ಮಗನಿಗೂ ನಾನು ಹೇಳಿದ್ದು ಇಷ್ಟೇ. ಬಂಗಾರ ಹುಡುಗಿಯದು; ಅವಳ ಒಪ್ಪಿಗೆಯಿಲ್ಲದೆ ಒತ್ತೆಯಿಡುವುದಕ್ಕೆ ಯಾವ ಮನೆತನದ ಮರ್ಯಾದೆಯೂ ನೆಪವಾಗಲಾರದು.