ಬೀಡುಕಬ್ಬಿಣಕ್ಕೆ ಬೆಸುಗೆ ಸಲ್ಲುವುದೆ?

ಕಬ್ಬಿಣವೆಂಬುದು ಒಂದೇ ವಸ್ತುವಿನ ಹೆಸರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಳ್ಳಿಯ ಕಮ್ಮಾರನು ಹಾಗೆ ಭಾವಿಸುವುದಿಲ್ಲ. ನೇಗಿಲಿನ ಗುಳವನ್ನು ಕಾಯಿಸಿ ಬಡಿಯುವ ಅವನು ಬೀಡನ್ನು ಅಡೆಗಲ್ಲಿನ ಮೇಲಿಡಲು ಒಪ್ಪುವುದಿಲ್ಲ. ಸುತ್ತಿಗೆಯ ಪೆಟ್ಟಿಗೆ ಅದು ಬಗ್ಗುವುದಿಲ್ಲ, ಒಡೆಯುತ್ತದೆ. ವಿದ್ಯುತ್ ಬೆಸುಗೆಯ ಯಂತ್ರವು ಊರೂರಿಗೂ ಬಂದಮೇಲೆ ಈ ಭೇದವು ಮರೆಯಾಗುತ್ತಿರುವಂತೆ ತೋರುತ್ತದೆ.

ಟ್ರ್ಯಾಕ್ಟರಿನ ಹಿಂದಿನ ಅಚ್ಚನ್ನು ಆವರಿಸಿರುವ ಕವಚವನ್ನೇ ನೋಡಿರಿ. ಆಕ್ಸಲ್ ಹೌಸಿಂಗ್ ಎಂದು ಕರೆಯುವ ಈ ಭಾಗವು ಸಾಮಾನ್ಯವಾಗಿ ಎರಕ ಹೊಯ್ದ ಕಬ್ಬಿಣದ್ದು. ಗಾಡಿಯ ಭಾರವನ್ನು ಚಕ್ರಗಳಿಗೆ ಮುಟ್ಟಿಸುವ ಕೆಲಸ ಇದರದು. ಒಳಗೆ ಬೇರಿಂಗುಗಳೂ ಎಣ್ಣೆಯೂ ಇರುತ್ತವೆ. ಮಣ್ಣೆತ್ತುವ ಸಲಕರಣೆಗೋ ನೆರಳಿನ ಚೌಕಟ್ಟಿಗೋ ಆಧಾರ ಬೇಕಾದಾಗ ಇದರ ಮೇಲೆ ಉಕ್ಕಿನ ಬ್ರಾಕೆಟ್ಟನ್ನು ಬೆಸೆದುಬಿಡುವುದು ಅತಿ ಸುಲಭವೆಂದು ತೋರುತ್ತದೆ. ಆದರೆ ಇದು ಕೂಡದು ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ತಿಳಿಯಲು ಕಾಲೇಜಿನ ಭೌತಶಾಸ್ತ್ರವೇ ಸಾಕು.

ಸಾಧಾರಣ ಮೆದು ಉಕ್ಕಿನಲ್ಲಿ ಇಂಗಾಲವು ನೂರಕ್ಕೆ 0.2 ಭಾಗದಷ್ಟಿರುತ್ತದೆ, ಬೀಡುಕಬ್ಬಿಣದಲ್ಲಾದರೋ ನೂರಕ್ಕೆ ಎರಡೂವರೆಯಿಂದ ನಾಲ್ಕು ಭಾಗ. ಎರಕವು ನಿಧಾನವಾಗಿ ಆರುವಾಗ ಹೆಚ್ಚಿನ ಇಂಗಾಲವು ಗ್ರಾಫೈಟಿನ ತೆಳು ಹಾಳೆಗಳಾಗಿ ಬೇರ್ಪಟ್ಟು ಲೋಹದೊಳಗೆ ಹರಡಿಕೊಳ್ಳುತ್ತದೆ. ಬೂದು ಬೀಡಿನ ಮುರಿದ ಮೈ ಬೂದು ಬಣ್ಣದಲ್ಲಿ ಕಾಣುವುದು ಇದರಿಂದಲೇ. ಈ ಹಾಳೆಗಳಿಗೆ ಬಲವಿಲ್ಲ. ಲೋಹದಲ್ಲಿ ಅವು ಸಣ್ಣ ಸಣ್ಣ ಬಿರುಕುಗಳಂತೆ ವರ್ತಿಸುತ್ತವೆ. ಆದಕಾರಣ ಬೀಡು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅದರ ಮೂರು ನಾಲ್ಕನೆಯ ಒಂದು ಪಾಲಿನಷ್ಟು ಮಾತ್ರ ತಾಳುತ್ತದೆ, ಹಿಗ್ಗದೆಯೇ ಮುರಿಯುತ್ತದೆ.

ಇಂತಹ ಲೋಹಕ್ಕೆ ವಿದ್ಯುತ್ ಚಾಪವನ್ನು ತಾಗಿಸಿದರೆ ಏನಾಗುತ್ತದೆ? ತಾಗಿದ ಸ್ಥಳವು ಕ್ಷಣಮಾತ್ರದಲ್ಲಿ ಕರಗುತ್ತದೆ. ಸುತ್ತಲಿನ ದಪ್ಪ ಎರಕವು ತಣ್ಣಗಿದ್ದು ಆ ಶಾಖವನ್ನು ಬೇಗನೆ ಹೀರಿಬಿಡುತ್ತದೆ. ಕರಗಿದ ಇಂಗಾಲಕ್ಕೆ ಮತ್ತೆ ಗ್ರಾಫೈಟಾಗಲು ಕಾಲಾವಕಾಶ ದೊರೆಯುವುದಿಲ್ಲ. ಅದು ಕಬ್ಬಿಣದೊಡನೆ ಕೂಡಿ ಸಿಮೆಂಟೈಟ್ ಆಗುತ್ತದೆ, ಪಕ್ಕದಲ್ಲಿ ಮಾರ್ಟೆನ್ಸೈಟ್ ಹುಟ್ಟುತ್ತದೆ. ಎರಡೂ ಬಹು ಗಡುಸು, ಬಹು ಪೆಡಸು. ಬೆಸುಗೆಯ ಅಂಚಿನಲ್ಲಿ ಗಾಜಿನಂತಹ ಒಂದು ಪಟ್ಟಿ ಏರ್ಪಟ್ಟಿತೆಂದೇ ತಿಳಿಯಬಹುದು.

ಇನ್ನು ಸಂಕೋಚನವನ್ನು ಲೆಕ್ಕ ಹಾಕೋಣ. ಬೀಡಿನ ವ್ಯಾಕೋಚನ ಗುಣಾಂಕವು ಒಂದು ಡಿಗ್ರಿ ಸೆಂಟಿಗ್ರೇಡಿಗೆ ಸುಮಾರು 0.000011. ಯಂಗನ ಗುಣಾಂಕವು ಚದರ ಮಿಲಿಮೀಟರಿಗೆ ಸುಮಾರು 1,00,000 ನ್ಯೂಟನ್. ಕುಗ್ಗಲು ಎಡೆಯಿಲ್ಲದಂತೆ ಬಿಗಿಯಾಗಿ ಹಿಡಿದಿರುವ ಭಾಗವು 200 ಡಿಗ್ರಿಯಷ್ಟು ತಣ್ಣಗಾದರೆ ಹುಟ್ಟುವ ಪೀಡನವು ಈ ಮೂರರ ಗುಣಲಬ್ಧ, ಎಂದರೆ ಚದರ ಮಿಲಿಮೀಟರಿಗೆ 220 ನ್ಯೂಟನ್. ಸಾಧಾರಣ ಬೂದು ಬೀಡು ಸುಮಾರು 200 ನ್ಯೂಟನ್ನಿಗೇ ಹರಿದುಹೋಗಬಹುದು. ಬೆಸುಗೆಯ ಅಂಚು ತಣ್ಣಗಾಗಬೇಕಾದುದು ಸಾವಿರ ಡಿಗ್ರಿಗಿಂತ ಹೆಚ್ಚು! ಉಕ್ಕಾದರೆ ಕೊಂಚ ಹಿಗ್ಗಿ ಈ ಸಂಕಟದಿಂದ ಪಾರಾಗುತ್ತದೆ. ಬೀಡಿಗೆ ಆ ಗುಣವಿಲ್ಲ. ಬೆಸುಗೆ ಆರುವಾಗ ಕೇಳಿಬರುವ ‘ಟಿಣ್’ ಎಂಬ ಸದ್ದು ಅನೇಕ ವೇಳೆ ಬಿರುಕಿನ ಸದ್ದೇ ಆಗಿರುತ್ತದೆ.

ಬೀಡಿಗೆ ಬೆಸುಗೆ ಅಸಾಧ್ಯವೇನಲ್ಲವೆಂದು ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದೇ. ನಿಕ್ಕಲ್ ರಾಡುಗಳಿವೆ, ಎರಕವನ್ನು ಮೊದಲೇ ಚೆನ್ನಾಗಿ ಕಾಯಿಸಿ, ಬೆಸೆದು, ಬಹು ನಿಧಾನವಾಗಿ ಆರಿಸುವ ಕ್ರಮವೂ ಇದೆ. ಒಡೆದ ಯಂತ್ರಪೀಠಗಳನ್ನು ಹೀಗೆ ಸರಿಪಡಿಸಿರುವುದುಂಟು. ಆದರೆ ಅಚ್ಚಿನ ಕವಚವು ಯಂತ್ರಪೀಠವಲ್ಲ. ಅದನ್ನು ಮುನ್ನೂರು ಡಿಗ್ರಿಗೆ ಕಾಯಿಸಿದರೆ ರಬ್ಬರಿನ ಎಣ್ಣೆತಡೆಗಳು ಸುಟ್ಟುಹೋಗುತ್ತವೆ. ಬೇರಿಂಗು ಕೂರುವ ರಂಧ್ರಗಳ ಅಳತೆಯೂ ಕೆಡಬಹುದು. ಹಳೆಯ ಎರಕದಲ್ಲಿ ಇಂಗಿದ ಎಣ್ಣೆಯು ಆವಿಯಾಗಿ ಬೆಸುಗೆಯಲ್ಲಿ ತೂತುಗಳನ್ನುಂಟುಮಾಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬ್ರಾಕೆಟ್ಟಿನ ಮೇಲೆ ಬೀಳುವುದು ಸ್ಥಿರ ಭಾರವಲ್ಲ. ರಸ್ತೆಯ ಒಂದೊಂದು ಹಳ್ಳವೂ ಅದನ್ನು ಜಗ್ಗುತ್ತದೆ. ಹೀಗೆ ಲಕ್ಷಾಂತರ ಸಲ ಜಗ್ಗಿದಾಗ ಕಣ್ಣಿಗೆ ಕಾಣದ ಬಿರುಕೂ ಬೆಳೆಯುತ್ತ ಹೋಗುತ್ತದೆ. ‘ಬೆಸುಗೆ ಹಿಡಿದಿದೆ’ ಎಂಬ ಮಾತು ಆ ದಿನದ ಮಟ್ಟಿಗೆ ಮಾತ್ರ ನಿಜ.

ಬೀಡುಗಳಲ್ಲಿಯೂ ಭೇದವುಂಟು. 1943ರಲ್ಲಿ ಅಮೆರಿಕದ ಕೀತ್ ಮಿಲ್ಲಿಸ್ ಎಂಬವರು ಕರಗಿದ ಬೀಡಿಗೆ ಮೆಗ್ನೀಸಿಯಮ್ ಬೆರೆಸಿದಾಗ ಗ್ರಾಫೈಟು ಹಾಳೆಯಾಗದೆ ಗುಂಡಗಿನ ಗಂಟುಗಳಾಗುವುದನ್ನು ಕಂಡರು. ಈ ಬೀಡು ಮುರಿಯುವ ಮುನ್ನ ಹಿಗ್ಗಬಲ್ಲದು. ಇಂದಿನ ಎಷ್ಟೋ ಕವಚಗಳು ಇದರವೇ. ಆದರೆ ಬೆಸೆದರೆ ಇದರ ಅಂಚಿನಲ್ಲಿಯೂ ಗಡುಸು ಪಟ್ಟಿ ಏಳುತ್ತದೆ; ಹೊರಗಿನಿಂದ ನೋಡಿ ಯಾವ ಬೀಡೆಂದು ಹೇಳುವುದೂ ಸುಲಭವಲ್ಲ.

ಹಾಗಾದರೆ ಉಪಾಯವೇನು? ಲಾರಿಯ ಬಿಲ್ಲುಪಟ್ಟಿಗಳನ್ನು ಅಚ್ಚಿಗೆ ಹೇಗೆ ಬಿಗಿದಿರುತ್ತಾರೆಂಬುದನ್ನು ಗಮನಿಸಿರಿ: ‘ಯು’ ಆಕಾರದ ಬೋಲ್ಟುಗಳಿಂದ. ಅಷ್ಟು ಭಾರಕ್ಕೆ ಸಾಲುವ ಕಟ್ಟು ಒಂದು ಬ್ರಾಕೆಟ್ಟಿಗೆ ಸಾಲದೆ? ಬ್ರಾಕೆಟ್ಟನ್ನು ಉಕ್ಕಿನ ತಗಡಿಗೆ ಗಾಡಿಯಿಂದ ದೂರದಲ್ಲಿ ಬೆಸೆದು, ಆ ತಗಡನ್ನು ಕವಚಕ್ಕೆ ಬೋಲ್ಟುಗಳಿಂದ ಬಿಗಿಯಬಹುದು. ತಯಾರಕರು ಬಿಟ್ಟಿರುವ ತಿರುಪಿನ ರಂಧ್ರಗಳಿದ್ದರೆ ಇನ್ನೂ ಉತ್ತಮ. ಖರ್ಚು ತುಸು ಹೆಚ್ಚು, ಶ್ರಮವೂ ಹೆಚ್ಚು. ಆದರೆ ಸಡಿಲವಾದ ಬೋಲ್ಟು ಕಣ್ಣಿಗೆ ಬೀಳುತ್ತದೆ, ಕೈಗೂ ಸಿಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ವ್ಯಾಕೋಚನ ಗುಣಾಂಕವನ್ನು ಒಂದು ವಾರ, ಯಂಗನ ಗುಣಾಂಕವನ್ನು ಮತ್ತೊಂದು ವಾರ ಪ್ರಯೋಗಶಾಲೆಯಲ್ಲಿ ಅಳೆದು ನೀವು ಟಿಪ್ಪಣಿಪುಸ್ತಕದಲ್ಲಿ ಬರೆದಿಡುತ್ತೀರಿ. ಅಧ್ಯಾಪಕರಾದ ನಾವು ಅವೆರಡನ್ನೂ ಒಟ್ಟಿಗಿಟ್ಟು ಗುಣಿಸಿ ತೋರಿಸುವುದು ಅಪರೂಪ. ಇದು ನಮ್ಮ ಬೋಧನೆಯ ಕೊರತೆ, ಇದನ್ನು ತಿದ್ದಬೇಕು. ಆ ಗುಣಾಕಾರವನ್ನು ಬಲ್ಲವನೊಬ್ಬ ಮನೆಯಲ್ಲಿದ್ದರೆ, ಟ್ರ್ಯಾಕ್ಟರನ್ನು ಬೆಸುಗೆಗೆ ಒಯ್ಯುವ ಮುನ್ನ ತಡೆದು ಕಾರಣವನ್ನು ಹೇಳಬಲ್ಲನು. ಅದರ ಹಿಂದಿನ ಟ್ರೈಲರಿನಲ್ಲಿ ಒಂದು ದಿನ ಕಬ್ಬಿನ ಹೊರೆಯಿರುತ್ತದೆ; ಇನ್ನೊಂದು ದಿನ ಕೂಲಿಗೆ ಹೊರಟ ಹೆಂಗಸರು ಮಕ್ಕಳು ಕುಳಿತಿರುತ್ತಾರೆ.