ಕುದುರೆಯ ಜ್ವರ ಎಮ್ಮೆ ಕಟ್ಟಿದವರ ಚಿಂತೆಯೂ ಹೌದು

ಬೆಂಗೇರಿ ಸಂತೆಗೆ ಬರುವ ಸುತ್ತಲಿನ ಹಳ್ಳಿಗಳ ರೈತ ಬಾಂಧವರಿಗೆ ಕುದುರೆಯ ರೋಗದ ಮಾತು ತಮಗೆ ಸಂಬಂಧವಿಲ್ಲದ್ದು ಎನಿಸಬಹುದು. ಹುಬ್ಬಳ್ಳಿ-ಧಾರವಾಡದ ಟಾಂಗಾಗಳ ಕಾಲ ಮುಗಿದು ಬಹಳ ವರ್ಷಗಳಾದವು. ಈಗ ಕಣ್ಣಿಗೆ ಬೀಳುವುದು ಮದುವೆ ಮೆರವಣಿಗೆಯ ಕುದುರೆ, ಇಲ್ಲವೆ ಕುರಿಗಾರರ ಸಾಮಾನು ಹೇರಿಕೊಂಡು ಹಿಂಡಿನ ಹಿಂದೆ ನಡೆಯುವ ತಟ್ಟು. ಹಾಲು ಕೊಡದ, ಗಳೆ ಎಳೆಯದ ಈ ಪ್ರಾಣಿಯ ರೋಗ ಸಂಶೋಧನೆಗೆ ಹಣವೇಕೆ ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆ ಕೇಳುವವರು ಸರ್ರಾ ರೋಗದ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಸರ್ರಾ ರೋಗಕ್ಕೆ ಕಾರಣ ರಕ್ತದಲ್ಲಿ ಈಜಾಡುವ, ಬರಿಗಣ್ಣಿಗೆ ಕಾಣದ ಒಂದು ಪರೋಪಜೀವಿ. 1880ರಲ್ಲಿ ಪಂಜಾಬ ಗಡಿಯ ಡೇರಾ ಇಸ್ಮಾಯಿಲ್ ಖಾನದಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಆದ್ದರಿಂದಲೇ ಅದಕ್ಕೆ ಟ್ರಿಪನೊಸೋಮ ಇವಾನ್ಸಿ ಎಂದು ಹೆಸರು. 1889ರಲ್ಲಿ ಪುಣೆಯಲ್ಲಿ ಆರಂಭವಾದ ಸರಕಾರಿ ಪ್ರಯೋಗಾಲಯದಲ್ಲಿ ಆಲ್ಫ್ರೆಡ್ ಲಿಂಗಾರ್ಡ್ ಎಂಬವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅಂದಿನ ಸರಕಾರಕ್ಕೆ ಬೇಕಾಗಿದ್ದದ್ದು ದಂಡಿನ ಕುದುರೆಗಳ ರಕ್ಷಣೆ. ರೈತನ ಎಮ್ಮೆಯ ಚಿಂತೆ ಅದಕ್ಕಿತ್ತೆಂದು ನಾನು ನಂಬುವುದಿಲ್ಲ. ಆದರೂ ಆ ಕೆಲಸ ಕುದುರೆಯ ಲಾಯದಲ್ಲಿ ನಿಲ್ಲದೆ ದನ, ಎಮ್ಮೆ, ನಾಯಿಗಳವರೆಗೂ ಹೋಯಿತು.

ಹೋಗಲೇಬೇಕಿತ್ತು. ಏಕೆಂದರೆ ಈ ರೋಗವನ್ನು ಹರಡುವುದು ರಕ್ತ ಹೀರುವ ದೊಡ್ಡ ಕುದುರೆನೊಣ. ಹೆಸರು ಕುದುರೆನೊಣವಾದರೂ ಅದು ಎಮ್ಮೆಯನ್ನೂ ಬಿಡುವುದಿಲ್ಲ. ಅದರ ಕಡಿತ ಬಹಳ ನೋವಿನದು. ಪ್ರಾಣಿ ಬಾಲ ಬೀಸಿ ಓಡಿಸುತ್ತದೆ. ಅರೆಹೊಟ್ಟೆಯಲ್ಲಿ ಎದ್ದ ನೊಣ ಪಕ್ಕದ ಪ್ರಾಣಿಯ ಮೇಲೆ ಕುಳಿತು ಬಾಯಿಗೆ ಹತ್ತಿದ ರಕ್ತವನ್ನು ಅಲ್ಲಿಗೆ ದಾಟಿಸುತ್ತದೆ. ಪರೋಪಜೀವಿ ನೊಣದ ಬಾಯಲ್ಲಿ ಬದುಕುವುದು ಸ್ವಲ್ಪ ಹೊತ್ತು ಮಾತ್ರ. ಆದ್ದರಿಂದ ಒಂದಕ್ಕೊಂದು ತಗುಲಿದಂತೆ ಕಟ್ಟಿದ ಪ್ರಾಣಿಗಳಿಗೆ ಅಪಾಯ ಹೆಚ್ಚು. ಒಂದೇ ಸೂಜಿಯಿಂದ ಹಲವು ಪ್ರಾಣಿಗಳಿಗೆ ಚುಚ್ಚುವುದೂ ನೊಣದ ಕೆಲಸವನ್ನೇ ಮಾಡುತ್ತದೆ.

ಕುದುರೆಗೆ ಸರ್ರಾ ತಗುಲಿದರೆ ಅದು ಮುಚ್ಚಿಡಲಾರದು. ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಮೇವು ತಿಂದರೂ ಮೈ ಇಳಿಯುತ್ತದೆ. ಕಾಲು ಮತ್ತು ಹೊಟ್ಟೆಯ ಕೆಳಭಾಗ ಬಾಯುತ್ತವೆ. ರಕ್ತ ತೆಳುವಾಗಿ ಕಣ್ಣಿನ ಒಳಪೊರೆ ಬಿಳಚುತ್ತದೆ. ಚಿಕಿತ್ಸೆ ಸಿಗದಿದ್ದರೆ ಬಹುತೇಕ ಸಾಯುತ್ತದೆ. ಎಮ್ಮೆ ಮತ್ತು ದನಗಳಲ್ಲಿ ಹಾಗಲ್ಲ. ಹಾಲು ಕಡಿಮೆಯಾಗಬಹುದು, ಗಬ್ಬ ಹೋಗಬಹುದು, ಕೆಲವೊಮ್ಮೆ ಏನೂ ಕಾಣದೆ ರೋಗ ತಿಂಗಳುಗಟ್ಟಲೆ ರಕ್ತದಲ್ಲಿ ಅಡಗಿರಬಹುದು. ಧಾರವಾಡದ ಪೇಡೆಯ ಹೆಸರನ್ನು ಉಳಿಸಿದ ಎಮ್ಮೆಗಳ ಒಡೆಯರು ಹಾಲು ಇಳಿದಾಗ ಹಿಂಡಿ, ಮೇವು, ದೃಷ್ಟಿ ಎಲ್ಲವನ್ನೂ ದೂರುತ್ತಾರೆ. ರಕ್ತವನ್ನು ಮಾತ್ರ ಯಾರೂ ನೋಡಿಸುವುದಿಲ್ಲ. ಊರಿನ ಒಂದು ತಟ್ಟುವಿಗೆ ಸರ್ರಾ ಎಂದು ಖಚಿತವಾದರೆ, ಅಲ್ಲಿಯ ಎಮ್ಮೆಗಳನ್ನೂ ಪರೀಕ್ಷಿಸಬೇಕೆಂದು ಆ ತಟ್ಟು ನಮಗೆ ಮುನ್ಸೂಚನೆ ಕೊಟ್ಟಂತೆ.

ಪರೀಕ್ಷೆ ಕಷ್ಟದ್ದಲ್ಲ. ಜ್ವರ ಏರಿರುವಾಗ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜ್ವರ ಬಿಟ್ಟ ಮೇಲೆ, ಅಥವಾ ಇಂಜೆಕ್ಷನ್ ಚುಚ್ಚಿದ ಮೇಲೆ ನೋಡಿದರೆ ಪರೋಪಜೀವಿ ಸಿಗದೆ ಹೋಗಬಹುದು. ಅಡಗಿದ ರೋಗಕ್ಕೆ ಎಲೈಸಾ, ಪಿಸಿಆರ್ ಪರೀಕ್ಷೆಗಳಿವೆ. ಬೆಂಗಳೂರಿನ ನಿವೇದಿ ಸಂಸ್ಥೆಯಲ್ಲಿ ಈ ರೋಗದ ಪತ್ತೆಯ ಬಗ್ಗೆ ಕೆಲಸ ನಡೆದಿದೆ. ನಮ್ಮಲ್ಲಿ ನಡೆಯುವುದು ಬೇರೆ. ಜ್ವರವೆಂದರೆ ಸಾಕು, ಕೈಗೆ ಸಿಕ್ಕ ಔಷಧಿ ಚುಚ್ಚಿಸಿ, ಎದ್ದು ನಿಂತರೆ ದೇವರ ದಯೆ ಎನ್ನುತ್ತೇವೆ. ಸರ್ರಾಕ್ಕೆ ಕ್ವಿನಾಪೈರಮಿನ್ ಎಂಬ ಪರಿಣಾಮಕಾರಿ ಔಷಧಿಯಿದೆ, ಆದರೆ ತೂಕಕ್ಕೆ ತಕ್ಕ ಪ್ರಮಾಣ ಬೇಕು. ಕಡಿಮೆ ಕೊಟ್ಟರೆ ಪರೋಪಜೀವಿ ಔಷಧಿಗೆ ಒಗ್ಗಿಕೊಳ್ಳುತ್ತದೆ. ಹೀಗಾಗಿ ದನದ ದವಾಖಾನೆಗೆ ಹೋದಾಗ ಮೊದಲು ರಕ್ತ ನೋಡಿ ಎಂದು ಕೇಳುವುದು ರೈತರ ಹಕ್ಕು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಗ್ಲಾಂಡರ್ಸ್ ಎಂಬ ಕುದುರೆ, ಕತ್ತೆಗಳ ರೋಗ ಮನುಷ್ಯರಿಗೂ ತಗುಲುವಂಥದು. ಅದಕ್ಕೆ ಲಸಿಕೆಯಿಲ್ಲ. ರೋಗ ಖಚಿತವಾದರೆ ಪ್ರಾಣಿಯನ್ನು ಕೊಲ್ಲುವುದು ಕಾನೂನು. 1899ರ ಕಾಯ್ದೆಯ ಜಾಗಕ್ಕೆ 2009ರ ಕಾಯ್ದೆ ಬಂದರೂ ಅದು ಬದಲಾಗಿಲ್ಲ. 1985ರಲ್ಲಿ ಹಿಸಾರದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ಪರೀಕ್ಷೆ ನಡೆಸುತ್ತದೆ. ಆದರೆ ಒಂದೇ ಕುದುರೆಯಿಂದ ಹೊಟ್ಟೆ ಹೊರೆಯುವವನು ಮೂಗು ಸೋರುವುದನ್ನು ತಾನಾಗಿ ಬಂದು ಹೇಳಬೇಕಾದರೆ, ಪರಿಹಾರದ ಹಣ ತಡವಿಲ್ಲದೆ ಅವನ ಕೈ ಸೇರಬೇಕು. ಇಲ್ಲವಾದರೆ ಅವನು ರಾತ್ರೋರಾತ್ರಿ ಕುದುರೆಯನ್ನು ಬೇರೆ ಊರಿಗೆ ಸಾಗಿಸುತ್ತಾನೆ. ರೋಗವೂ ಜೊತೆಗೆ ಹೋಗುತ್ತದೆ.

ನಮ್ಮ ಜಾನುವಾರು ತಪಾಸಣಾ ಶಿಬಿರಗಳಿಗೆ ಕುರಿಗಾರರ ತಟ್ಟುಗಳನ್ನು ಕರೆಯುವ ರೂಢಿ ಬೆಳೆಯಬೇಕು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸುವ ರೈತರು ದರದ ಮಾತಾಡುವಾಗಲೇ ತಟ್ಟುವಿಗೆ ಈಚೆಗೆ ಜ್ವರ ಬಂದಿತ್ತೇ ಎಂದು ಕೇಳಲಿ. ಬಂದಿದ್ದರೆ ರಕ್ತ ಪರೀಕ್ಷೆಯಾಗುವವರೆಗೆ ಅದನ್ನು ಎಮ್ಮೆಯ ಕೊಟ್ಟಿಗೆಯಿಂದ ಸಾಕಷ್ಟು ದೂರ ಕಟ್ಟಿಸಲಿ. ಮಳೆಗಾಲದಲ್ಲಿ, ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ನೊಣ ಹೆಚ್ಚು. ಆಗಂತೂ ಇದನ್ನು ಮರೆಯುವಂತಿಲ್ಲ.